ಮೂಳೆ ಕೂಡಿತು, ಸೈಕಲ್ ಯಾವಾಗ?

ಸುಗ್ಗಿಯ ದಿನಗಳಲ್ಲಿ ಹಾಸನ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಒಂದು ನೋಟ ತಪ್ಪದು. ಡಾಂಬರಿನ ಮೇಲೆ ರಾಗಿ ತೆನೆ, ಹುರುಳಿ ಗಿಡ ಹರಡಿರುತ್ತಾರೆ. ಕಣದಲ್ಲಿ ರೋಣಗಲ್ಲು ಮಾಡಬೇಕಾದ ಕೆಲಸವನ್ನು ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಚಕ್ರಗಳು ಮಾಡಿ ಮುಗಿಸುತ್ತವೆ. ರೈತನಿಗೆ ಅದು ಅನುಕೂಲ. ಆದರೆ ಆ ಒಣ ಹುಲ್ಲಿನ ಮೇಲೆ ಸೈಕಲ್ ಏರಿ ಬರುವ ಶಾಲಾ ಮಕ್ಕಳಿಗೆ ಅದು ಎಣ್ಣೆ ಸುರಿದ ನೆಲವಿದ್ದಂತೆ. ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಸೈಕಲ್ ಮಾತ್ರ ಜಾರುತ್ತಲೇ ಇರುತ್ತದೆ.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ಒಂಬತ್ತನೇ ತರಗತಿಯ ಹುಡುಗಿ. ಪ್ರೌಢಶಾಲೆ ನಾಲ್ಕೈದು ಕಿಲೋಮೀಟರು ದೂರ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಸೈಕಲ್ಲೇ ಗತಿ. ಒಂದು ಸಂಜೆ ಹುಲ್ಲಿನ ಮೇಲೆ ಜಾರಿ ಪಕ್ಕಕ್ಕೆ ಬೀಳುತ್ತಾಳೆ. ಎದ್ದು ನಿಂತಾಗ ಎಡಗೈ ಎತ್ತಲಾಗದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ‘ಕಾಲರ್ ಬೋನ್ ಮುರಿದಿದೆ, ಗಾಬರಿ ಬೇಡ’ ಎನ್ನುತ್ತಾರೆ. ಮೂರು ವಾರ ಕಳೆಯುವಷ್ಟರಲ್ಲಿ ನೋವು ಹೋಗಿರುತ್ತದೆ. ಆಗ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಹುಡುಗಿ, ‘ನೋವೇ ಇಲ್ಲ, ನಾಳೆಯಿಂದ ಸೈಕಲ್‌ನಲ್ಲೇ ಹೋಗ್ತೀನಿ’ ಎನ್ನುತ್ತಾಳೆ. ತಾಯಿ, ‘ಇನ್ನು ಆ ಸೈಕಲ್ ಮುಟ್ಟಬ್ಯಾಡ ಕಣವ್ವ’ ಎನ್ನುತ್ತಾಳೆ.

ಇವೆರಡೂ ಸರಿಯಲ್ಲ ಎಂಬುದೇ ಈ ವಾರದ ವಿಷಯ. ಕಾಲರ್ ಮೂಳೆ ಕೂಡುವುದು ಕಷ್ಟವಲ್ಲ. ಅದು ಬಹುಪಾಲು ತಾನಾಗಿಯೇ ಕೂಡುತ್ತದೆ. ಕಷ್ಟವಿರುವುದು ನೋವು ಹೋದ ದಿನಕ್ಕೂ ಮೂಳೆ ಗಟ್ಟಿಯಾದ ದಿನಕ್ಕೂ ನಡುವಿನ ಆ ಕೆಲವು ವಾರಗಳಲ್ಲಿ. ಅವಸರದ ಮಕ್ಕಳು ಮತ್ತೆ ಬಿದ್ದು ಮೂಳೆ ಮುರಿದುಕೊಳ್ಳುವುದು ಆಗಲೇ. ಹೆದರಿದ ಹೆತ್ತವರು ಸೈಕಲ್ಲನ್ನು ಶಾಶ್ವತವಾಗಿ ಅಟ್ಟಕ್ಕೆ ಏರಿಸುವುದೂ ಆಗಲೇ.

ಈ ಮೂಳೆಯೇ ಏಕೆ?

ನಿಮ್ಮ ಕುತ್ತಿಗೆಯ ಬುಡದಲ್ಲಿ, ಎದೆಯ ನಡುಮೂಳೆಯಿಂದ ಭುಜದ ತುದಿಯವರೆಗೆ ಬೆರಳಾಡಿಸಿ ನೋಡಿ. ಚರ್ಮದ ಕೆಳಗೇ ಕೈಗೆ ಸಿಗುವ ಅಡ್ಡಮೂಳೆಯೇ ಕಾಲರ್ ಮೂಳೆ. ಇಂಗ್ಲಿಷಿನ ವೈದ್ಯ ಗ್ರಂಥಗಳಲ್ಲಿ ಇದಕ್ಕೆ ಕ್ಲಾವಿಕಲ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಚಿಕ್ಕ ಬೀಗದ ಕೈ’. ಕೈಯನ್ನು ಮೇಲೆತ್ತುವಾಗ ಈ ಮೂಳೆ ಬೀಗದಲ್ಲಿ ತಿರುಗುವ ಕೀಲಿಯಂತೆ ತನ್ನ ಸುತ್ತಲೇ ಸ್ವಲ್ಪ ತಿರುಗುತ್ತದೆ.

ಇಡೀ ತೋಳನ್ನು ಮೈಯ ಅಸ್ಥಿಪಂಜರಕ್ಕೆ ಮೂಳೆಯಿಂದ ಮೂಳೆಗೆ ಜೋಡಿಸಿರುವುದು ಇದೊಂದೇ. ಉಳಿದ ಜೋಡಣೆಯೆಲ್ಲ ಮಾಂಸಖಂಡಗಳದ್ದು. ಮನೆಯ ಸೂರಿಗೆ ಊರುಗೋಲು ಕೊಟ್ಟಂತೆ ಇದು ಭುಜವನ್ನು ಎದೆಯಿಂದ ದೂರ ಹಿಡಿದಿರುತ್ತದೆ. ಹೀಗಾಗಿ ಭುಜದ ಮೇಲೆ ಬಿದ್ದ ಪೆಟ್ಟೆಲ್ಲ ಇದರ ಮೂಲಕವೇ ಹಾಯಬೇಕು. ಮೂಳೆ ನೇರವಾಗಿಯೂ ಇಲ್ಲ; ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಎರಡು ಬಾಗು. ಆ ಬಾಗುಗಳು ಸೇರುವ ನಡುಭಾಗದಲ್ಲಿ ಮೂಳೆ ತೆಳು. ಕಾಲರ್ ಮೂಳೆ ಮುರಿತಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಈ ನಡುಭಾಗದಲ್ಲೇ ಆಗುತ್ತವೆ.

ಬೀಳುವಾಗ ಕೈ ಊರಿದ್ದರಿಂದ ಮೂಳೆ ಮುರಿಯಿತು ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಹೆಚ್ಚಿನ ಮುರಿತಗಳು ಭುಜ ನೇರವಾಗಿ ನೆಲಕ್ಕೆ ಬಡಿದಾಗ ಆಗುವಂಥವು. ಸೈಕಲ್ ಸವಾರನಿಗೆ ಇದು ಇನ್ನೂ ಸಹಜ. ಎರಡೂ ಕೈ ಹ್ಯಾಂಡಲ್ ಹಿಡಿದಿರುತ್ತವೆ. ಪಕ್ಕಕ್ಕೆ ಉರುಳಿದಾಗ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಭುಜ ನೆಲ ಮುಟ್ಟಿರುತ್ತದೆ.

ಈ ಮೂಳೆಗೆ ಇನ್ನೊಂದು ವಿಶೇಷವಿದೆ. ತಾಯಿಯ ಗರ್ಭದಲ್ಲಿ ಎಲ್ಲ ಮೂಳೆಗಳಿಗಿಂತ ಮೊದಲು, ಐದು-ಆರನೇ ವಾರದಲ್ಲೇ, ಗಟ್ಟಿಯಾಗತೊಡಗುವುದು ಇದೇ. ಎದೆಯ ಕಡೆಯ ಇದರ ತುದಿ ಪೂರ್ತಿ ಬೆಳೆದು ಕೂಡುವುದು ಮಾತ್ರ ಇಪ್ಪತ್ತು ದಾಟಿದ ಮೇಲೆ. ಎಂದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಇದು ಇನ್ನೂ ಬೆಳೆಯುತ್ತಿರುವ ಮೂಳೆ. ಬೆಳೆಯುವ ಮೂಳೆಗೆ ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿ ಹೆಚ್ಚು.

ಬಿದ್ದ ಕೂಡಲೇ

ಮೊದಲು ನೋಡಬೇಕಾದದ್ದು ಭುಜವನ್ನಲ್ಲ, ತಲೆಯನ್ನು. ಪ್ರಜ್ಞೆ ತಪ್ಪಿತ್ತೇ, ವಾಂತಿಯಾಯಿತೇ, ಮಾತು ತೊದಲುತ್ತಿದೆಯೇ ಎಂದು ವಿಚಾರಿಸಿ. ಭುಜದ ನೋವಿನ ಗಲಾಟೆಯಲ್ಲಿ ತಲೆಯ ಪೆಟ್ಟು ಮರೆತುಹೋಗಬಾರದು.

ಕಾಲರ್ ಮೂಳೆ ಮುರಿದ ಮಗು ನಿಲ್ಲುವ ಭಂಗಿಯೇ ಬೇರೆ. ಪೆಟ್ಟಾದ ಕಡೆಯ ಮೊಣಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದಿರುತ್ತದೆ. ಭುಜ ಜೋತು ಮುಂದಕ್ಕೆ ಬಂದಿರುತ್ತದೆ. ಮಗು ತಾನಾಗಿ ಕಂಡುಕೊಂಡ ಆ ಭಂಗಿಯೇ ಒಳ್ಳೆಯ ಪ್ರಥಮ ಚಿಕಿತ್ಸೆ. ಟವೆಲ್ಲನ್ನೋ ವೇಲನ್ನೋ ತ್ರಿಕೋನವಾಗಿ ಮಡಚಿ, ಮೊಣಕೈಯ ಭಾರವೆಲ್ಲ ಬಟ್ಟೆಯ ಮೇಲೆ ಬೀಳುವಂತೆ ಕೊರಳಿಗೆ ಜೋಲಿ ಕಟ್ಟಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಿಕ್ಕರೆ ಹತ್ತು ಹದಿನೈದು ನಿಮಿಷ ಇಡಿ. ತೋಳನ್ನು ಎಳೆದು ನೋಡುವುದು, ‘ಸರಿ ಕೂರಿಸುತ್ತೇನೆ’ ಎಂದು ಒತ್ತುವುದು, ಎಣ್ಣೆ ಹಚ್ಚಿ ನೀವುವುದು ಬೇಡ. ಈ ಮೂಳೆಯ ಹಿಂದೆಯೇ ತೋಳಿಗೆ ಹೋಗುವ ದೊಡ್ಡ ರಕ್ತನಾಳಗಳೂ ನರಗಳೂ ಇವೆ.

ಈ ಕೆಳಗಿನ ಯಾವುದಾದರೂ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು: ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿರುವುದು, ಕೈ ಜೋಮು ಹಿಡಿಯುವುದು ಅಥವಾ ಬೆರಳು ಆಡಿಸಲಾಗದಿರುವುದು, ಉಸಿರಾಡಲು ಕಷ್ಟ, ಮೂಳೆಯ ಚೂಪು ತುದಿ ಚರ್ಮವನ್ನು ಒಳಗಿನಿಂದ ಬಿಳಿಚುವಂತೆ ಎತ್ತಿರುವುದು ಅಥವಾ ಚರ್ಮ ಹರಿದು ಹೊರಬಂದಿರುವುದು. ಇವು ಅಪರೂಪ. ಆದರೆ ಹಳ್ಳಿಯಿಂದ ಹೊರಡುವ ಮೊದಲೇ ನೋಡಿಕೊಂಡರೆ ಎಲ್ಲಿಗೆ ಹೋಗಬೇಕು ಎಂಬುದು ತಿಳಿಯುತ್ತದೆ. ಸಾಮಾನ್ಯ ಮುರಿತಕ್ಕೆ ಎಕ್ಸ್‌ರೇ ಇರುವ ತಾಲ್ಲೂಕು ಆಸ್ಪತ್ರೆ ಸಾಕು. ತೊಡಕಿನದಾದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಕಡೆಗೆ ಹೋಗಬೇಕಾಗುತ್ತದೆ.

ಕಟ್ಟೋ, ಜೋಲಿಯೋ, ಆಪರೇಷನ್ನೋ?

‘ಮೂಳೆ ಮುರಿದಿದೆ ಅಂತೀರಿ, ಪ್ಲಾಸ್ಟರ್ ಹಾಕದೆ ಬರೀ ಬಟ್ಟೆ ಕಟ್ಟಿ ಕಳಿಸಿದರಲ್ಲ’ ಎಂದು ಹೆತ್ತವರಿಗೆ ಅಸಮಾಧಾನವಾಗುವುದುಂಟು. ಉಸಿರಾಡಿದಾಗಲೆಲ್ಲ ಅಲುಗುವ ಎದೆಯ ಮೇಲಿನ ಮೂಳೆಗೆ ಪ್ಲಾಸ್ಟರ್ ಹಾಕಿ ಬಿಗಿ ಹಿಡಿಯುವುದು ಆಗದ ಮಾತು. ಅದರ ಅಗತ್ಯವೂ ಇಲ್ಲ. ಈ ಮೂಳೆ ಬೇಗ ಕೂಡುತ್ತದೆ ಎಂಬುದನ್ನು ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನಲ್ಲಿರುವ ಎರಡು ಸಾವಿರ ವರ್ಷಕ್ಕೂ ಹಳೆಯ ಗ್ರಂಥಗಳಲ್ಲೇ ಹೇಳಿದೆ. ನಮ್ಮ ಸುಶ್ರುತ ಸಂಹಿತೆ ಭುಜದ ಕೀಲು ತಪ್ಪಿದಾಗ ಅದನ್ನು ಸ್ಥಾನಕ್ಕೆ ಕೂರಿಸಿ ‘ಸ್ವಸ್ತಿಕ’ ಬಂಧ ಕಟ್ಟಬೇಕು ಎನ್ನುತ್ತದೆ. ಅಡ್ಡಡ್ಡ ಹಾಯ್ದು ಕಟ್ಟುವ ಈ ಬಂಧ, ಇಂದಿನ ವೈದ್ಯರು ಎಂಟರ ಅಂಕಿಯಂತೆ ಎರಡೂ ಭುಜಗಳಿಗೆ ಸುತ್ತಿ ಬೆನ್ನಿನ ಮೇಲೆ ಬಿಗಿಯುವ ಪಟ್ಟಿಯ ಹತ್ತಿರದ ಸಂಬಂಧಿ.

ಈ ಎಂಟರ ಪಟ್ಟಿ ಮೇಲೋ, ಬರೀ ಜೋಲಿ ಮೇಲೋ ಎಂಬ ಪ್ರಶ್ನೆಗೆ ಡೆನ್ಮಾರ್ಕಿನ ವೈದ್ಯರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಹುಡುಕಿತು. ಮೂಳೆ ಕೂಡುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಜೋಲಿ ಹಾಕಿಕೊಂಡವರಿಗೆ ಕಿರಿಕಿರಿ ಕಡಿಮೆಯಿತ್ತು. ಹಾಗಾಗಿ ವೈದ್ಯರು ಜೋಲಿಯೊಂದನ್ನೇ ಕೊಟ್ಟು ಕಳಿಸಿದರೆ ಅದು ಉದಾಸೀನವಲ್ಲ.

ಆಪರೇಷನ್ ಮಾಡಿ ಲೋಹದ ಪಟ್ಟಿ ಹಾಕುವ ಪದ್ಧತಿಯೂ ಇದೆ. ಮುರಿದ ತುಂಡುಗಳು ಪೂರ್ತಿ ಜರುಗಿದ ವಯಸ್ಕರಲ್ಲಿ ಇದರಿಂದ ಮೂಳೆ ಬೇಗ ಕೂಡುತ್ತದೆ, ಕೂಡದೆ ಉಳಿಯುವುದು ಕಡಿಮೆಯಾಗುತ್ತದೆ ಎಂದು ಕೆನಡಾದ ವೈದ್ಯರು 2007ರಲ್ಲಿ ತೋರಿಸಿದರು. ಆದರೆ ಮಕ್ಕಳು ಚಿಕ್ಕ ವಯಸ್ಕರಲ್ಲ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 10ರಿಂದ 18 ವರ್ಷದವರನ್ನು ಎರಡು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಂಡುಗಳು ಪೂರ್ತಿ ಜರುಗಿದ್ದ ಮಕ್ಕಳಲ್ಲೂ ಆಪರೇಷನ್ನಿನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಚರ್ಮ ಹರಿದಿದ್ದರೆ, ರಕ್ತನಾಳ ಅಥವಾ ನರಕ್ಕೆ ಪೆಟ್ಟಾಗಿದ್ದರೆ ಮಾತು ಬೇರೆ. ಉಳಿದಂತೆ ಶಾಲಾ ಮಕ್ಕಳಿಗೆ ಆಪರೇಷನ್ ಬೇಕು ಎಂದು ಯಾರಾದರೂ ಹೇಳಿದರೆ ‘ಏಕೆ?’ ಎಂದು ಕೇಳುವ ಹಕ್ಕು ಹೆತ್ತವರಿಗಿದೆ.

ನಾಟಿ ಕಟ್ಟಿನ ಬಗ್ಗೆಯೂ ಒಂದು ಮಾತು. ಪುತ್ತೂರು ಕಟ್ಟು ಎಂದರೆ ನಮ್ಮಲ್ಲಿ ಹಲವರಿಗೆ ಆಸ್ಪತ್ರೆಗಿಂತ ಹೆಚ್ಚಿನ ನಂಬಿಕೆ. ಕಾಲರ್ ಮೂಳೆ ಯಾರು ಕಟ್ಟಿದರೂ, ಕಟ್ಟದಿದ್ದರೂ ಬಹುಪಾಲು ಕೂಡುವುದರಿಂದ ಕಟ್ಟಿದವರಿಗೆಲ್ಲ ಹೆಸರು ಬರುತ್ತದೆ. ಅಪಾಯವಿರುವುದು ಕಟ್ಟು ತೀರಾ ಬಿಗಿಯಾಗಿ ಕೈ ಊದಿಕೊಂಡಾಗ ಮತ್ತು ಹಸಿ ಮುರಿತವನ್ನು ಪದೇ ಪದೇ ನೀವಿದಾಗ. ಎಕ್ಸ್‌ರೇ ತೆಗೆಸದೆ ಯಾವ ಕಟ್ಟೂ ಬೇಡ. ಮಂಗರವಳ್ಳಿ ಚಟ್ನಿ ಮಾಡಿ ಕೊಟ್ಟರೆ ಮಗು ಸಂತೋಷದಿಂದ ತಿನ್ನಲಿ. ಅದು ಜೋಲಿಯ ಬದಲಿಯಲ್ಲ, ಅಷ್ಟೆ.

ಮೂಳೆಯ ಪಂಚಾಂಗ

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಆ ಹೆಪ್ಪಿನ ಜಾಗದಲ್ಲಿ ಮೆತ್ತನೆಯ ಬೆಸುಗೆ ಹುಟ್ಟುತ್ತದೆ. ತುಂಡುಗಳು ಒಂದಕ್ಕೊಂದು ಉಜ್ಜುವುದು ಆಗ ನಿಲ್ಲುತ್ತದೆ, ಆದ್ದರಿಂದಲೇ ನೋವೂ ನಿಲ್ಲುತ್ತದೆ. ಆದರೆ ಈ ಬೆಸುಗೆ ಇನ್ನೂ ಹಸಿ ಸಿಮೆಂಟು. ನೋಡಲು ಗಟ್ಟಿ, ಹೆಜ್ಜೆಯಿಟ್ಟರೆ ಗುರುತು ಬೀಳುತ್ತದೆ. ಅದರಲ್ಲಿ ಸುಣ್ಣದ ಅಂಶ ಸೇರಿ ನಿಜವಾದ ಮೂಳೆಯಾಗಲು ಇನ್ನೂ ಹಲವು ವಾರ ಬೇಕು. ಆಮೇಲೆ ಹೆಚ್ಚುವರಿ ಮೂಳೆ ಸವೆದು ಮೊದಲಿನ ಆಕಾರಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ.

ಒಟ್ಟು ಲೆಕ್ಕ ಹೀಗೆ: ಹತ್ತು ವರ್ಷದೊಳಗಿನ ಮಕ್ಕಳಿಗೆ ಜೋಲಿ ಸುಮಾರು ಮೂರು ನಾಲ್ಕು ವಾರ, ಪ್ರೌಢಶಾಲೆಯ ವಯಸ್ಸಿನವರಿಗೆ ನಾಲ್ಕರಿಂದ ಆರು ವಾರ, ದೊಡ್ಡವರಿಗೆ ಮೂಳೆ ಕೂಡಲು ಆರರಿಂದ ಹನ್ನೆರಡು ವಾರ. ಇದು ಸಾಮಾನ್ಯ ಲೆಕ್ಕ. ನಿಮ್ಮ ಮಗುವಿನ ಲೆಕ್ಕ ಹೇಳಬೇಕಾದವರು ಎಕ್ಸ್‌ರೇ ನೋಡಿದ ವೈದ್ಯರು.

ಜೋಲಿ ಹಾಕಿದ ಮಾತ್ರಕ್ಕೆ ಕೈ ಮರದ ಕೊರಡಿನಂತೆ ಇರಬೇಕಿಲ್ಲ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ದಿನಕ್ಕೆ ನಾಲ್ಕೈದು ಸಲ ಆಡಿಸಬೇಕು. ನೋವು ಇಳಿದ ಮೇಲೆ ವೈದ್ಯರು ಹೇಳಿದಾಗ, ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಾಡಿಸುವ ವ್ಯಾಯಾಮ ಶುರುಮಾಡಬಹುದು. ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದಕ್ಕೆ ಮಾತ್ರ ಅವಸರ ಬೇಡ. ಮೂಳೆ ಕೀಲಿಯಂತೆ ತಿರುಗುವುದು ಆಗಲೇ.

ರಾತ್ರಿ ಮೊದಲ ವಾರ ಕಷ್ಟ. ಬೆನ್ನಿಗೆ ಎರಡು ದಿಂಬು ಕೊಟ್ಟು ಅರ್ಧ ಕುಳಿತಂತೆ ಮಲಗಿದರೆ ನಿದ್ರೆ ಬರುತ್ತದೆ. ಮುಂದೆ ಗುಂಡಿಯಿರುವ ಅಂಗಿಯೇ ಅನುಕೂಲ. ತೊಡುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಕೊನೆಗೆ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಬೇರಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಮುದ್ದೆ, ಹುರುಳಿ ಸಾರು, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ, ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ನಡಿಗೆ. ದುಬಾರಿ ಟಾನಿಕ್ಕಿಗಿಂತ ಇದು ಮೇಲು.

ಶಾಲೆ, ಚೀಲ, ಪರೀಕ್ಷೆ

ಮೂಳೆ ಮುರಿಯಿತೆಂದು ಆರು ವಾರ ಶಾಲೆ ಬಿಡಬೇಕಿಲ್ಲ. ನೋವು ತಡೆಯುವಂತಾದ ಮೇಲೆ, ಸಾಮಾನ್ಯವಾಗಿ ಒಂದು ವಾರದೊಳಗೆ, ಜೋಲಿ ಹಾಕಿಕೊಂಡೇ ಶಾಲೆಗೆ ಹೋಗಬಹುದು. ಬಲಗಡೆಯ ಮೂಳೆಯಾದರೂ ಮೊಣಕೈಯನ್ನು ಮೈಗೆ ಒತ್ತಿಟ್ಟು, ಮುಂಗೈ ಮೇಜಿನ ಮೇಲಿಟ್ಟು ನಿಧಾನವಾಗಿ ಬರೆಯುವುದು ಹಲವರಿಗೆ ಸಾಧ್ಯವಾಗುತ್ತದೆ. ಪರೀಕ್ಷೆ ಹತ್ತಿರವಿದ್ದು ಬರೆಯಲಾಗದಿದ್ದರೆ ವೈದ್ಯರ ಪ್ರಮಾಣಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಕೂಡಲೇ ಕಾಣಿ. ಪರೀಕ್ಷೆಯ ಹಿಂದಿನ ದಿನ ಹೋದರೆ ಅವರೂ ಏನೂ ಮಾಡಲಾಗದು.

ಚೀಲದ್ದೇ ದೊಡ್ಡ ತೊಂದರೆ. ಪುಸ್ತಕದ ಚೀಲದ ಪಟ್ಟಿ ಕೂರುವುದು ಸರಿಯಾಗಿ ಕಾಲರ್ ಮೂಳೆಯ ಮೇಲೆ. ರಾಜ್ಯ ಸರ್ಕಾರದ 2019ರ ಆದೇಶದಂತೆ ಒಂಬತ್ತು-ಹತ್ತನೇ ತರಗತಿಯ ಮಕ್ಕಳ ಚೀಲ ನಾಲ್ಕರಿಂದ ಐದು ಕಿಲೋ ಮೀರಬಾರದು. ಹೊಸ ಬೆಸುಗೆಗೆ ಆ ಐದು ಕಿಲೋ ಕೂಡ ಹೆಚ್ಚು. ಒಂದೆರಡು ತಿಂಗಳು ಚೀಲವನ್ನು ಗೆಳತಿಯೋ ತಮ್ಮನೋ ಹೊರಲಿ, ಅಥವಾ ಆ ದಿನದ ಎರಡು ಪುಸ್ತಕ ಮಾತ್ರ ಒಯ್ಯಲಿ.

ಸೈಕಲ್ಲಿಗೆ ಮರಳುವ ಮೆಟ್ಟಿಲುಗಳು

ಇನ್ನು ಮುಖ್ಯ ಪ್ರಶ್ನೆ. ಸೈಕಲ್ ತುಳಿಯುವುದು ಕಾಲಿನ ಕೆಲಸ ಎಂದು ನಾವು ತಿಳಿದಿರುತ್ತೇವೆ. ಆದರೆ ಮುಂದೆ ಬಾಗಿದ ಮೈಯ ಭಾರದ ಒಂದು ಪಾಲು ಕೈಗಳ ಮೂಲಕ ಹ್ಯಾಂಡಲ್ ಮೇಲೆ ಬೀಳುತ್ತದೆ. ರಸ್ತೆಯ ಪ್ರತಿ ಗುಂಡಿಯ ಪೆಟ್ಟು ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಕಾಲರ್ ಮೂಳೆಗೆ ತಾಗುತ್ತದೆ. ಏರು ಬಂದಾಗ ನಾವು ಹ್ಯಾಂಡಲನ್ನು ಎಳೆಯುತ್ತೇವೆ. ಇಳಿಜಾರಿನಲ್ಲಿ ಅದನ್ನು ಒತ್ತಿ ಹಿಡಿದು ಬ್ರೇಕ್ ಹಾಕುತ್ತೇವೆ. ಇವೆಲ್ಲಕ್ಕೂ ಭುಜ ಬೇಕು.

ಪ್ರೌಢಶಾಲೆಯ ವಯಸ್ಸಿನವರಿಗೆ ಆರರಿಂದ ಎಂಟು ವಾರಕ್ಕೆ ಮೊದಲು ರಸ್ತೆಗೆ ಇಳಿಯುವ ಯೋಚನೆ ಬೇಡ. ಆಗಲೂ ದಿನ ಎಣಿಸಿದರೆ ಸಾಲದು. ಕೆಳಗಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು.

ಒಂದು, ಮುರಿದ ಜಾಗವನ್ನು ಬೆರಳಿನಿಂದ ಒತ್ತಿದರೆ ನೋವಿರಬಾರದು. ಎರಡು, ಎರಡೂ ಕೈಗಳನ್ನು ಮೇಲೆತ್ತಿ ಕಿವಿಗೆ ತಾಗಿಸಿದಾಗ ಎರಡೂ ಒಂದೇ ಎತ್ತರಕ್ಕೆ ಹೋಗಬೇಕು. ಮೂರು, ಗೋಡೆಗೆ ಅಂಗೈ ಕೊಟ್ಟು ಹತ್ತು ಸಲ ತಳ್ಳಿದಾಗ ನೋವೂ ನಡುಕವೂ ಬರಬಾರದು. ನಾಲ್ಕು, ಭುಜ ಬಿಗಿಯದೆ ಕತ್ತು ತಿರುಗಿಸಿ ಹಿಂದಿನಿಂದ ಬರುವ ವಾಹನ ನೋಡಲು ಆಗಬೇಕು. ಐದು, ವೈದ್ಯರು ನೋಡಿ ಒಪ್ಪಿರಬೇಕು.

ತೇರ್ಗಡೆಯಾದ ಮೇಲೂ ಮೊದಲ ದಿನವೇ ಶಾಲೆಗಲ್ಲ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಯಾರಾದರೂ ಹಿಡಿದುಕೊಂಡಿರುವಾಗ ಹತ್ತು ನಿಮಿಷ ತುಳಿದು, ಎರಡೂ ಬ್ರೇಕ್ ಬಲವಾಗಿ ಹಿಡಿದು ನೋಡಿ. ಮಾರನೆಯ ದಿನ ಶಾಲೆಯ ಮೈದಾನದಂಥ ಸಮ ನೆಲದಲ್ಲಿ ನಾಲ್ಕು ಸುತ್ತು. ಆಮೇಲೆ ಊರೊಳಗೆ, ವಾಹನ ಕಡಿಮೆಯಿರುವ ಹೊತ್ತಿನಲ್ಲಿ. ಒಂದು ವಾರ ತೊಂದರೆಯಿಲ್ಲದೆ ಕಳೆದರೆ ಶಾಲೆಯ ದಾರಿ, ಅದೂ ಚೀಲ ಕ್ಯಾರಿಯರ್ ಮೇಲೆ ಬಿಗಿದು, ಬೆನ್ನ ಮೇಲಲ್ಲ. ಹಿಂದೆ ತಂಗಿಯನ್ನು ಕೂರಿಸಿಕೊಳ್ಳುವುದು, ಹಾಲಿನ ಕ್ಯಾನು ನೇತುಹಾಕುವುದು ಎಲ್ಲಕ್ಕಿಂತ ಕೊನೆಗೆ. ಕಬಡ್ಡಿ, ಕೊಕ್ಕೊದಂಥ ಆಟಗಳಿಗೆ ಇನ್ನೂ ತಡವಾಗಿ, ಸಾಮಾನ್ಯವಾಗಿ ಎರಡು ಮೂರು ತಿಂಗಳ ಮೇಲೆ. ಯಾವ ಮೆಟ್ಟಿಲಲ್ಲಿ ನೋವು ಬಂತೋ ಅಲ್ಲಿಂದ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಬೇಕು.

ಮಗು ಗುಣವಾಗುತ್ತಿರುವಾಗ ಸೈಕಲ್ಲಿಗೂ ಚಿಕಿತ್ಸೆ ಆಗಲಿ. ಬಿದ್ದ ಸೈಕಲ್ಲಿನ ಹ್ಯಾಂಡಲ್ ತಿರುಚಿರಬಹುದು, ರಿಮ್ ಬೆಂಡಾಗಿರಬಹುದು, ಬ್ರೇಕ್ ರಬ್ಬರು ಸವೆದಿದ್ದರಿಂದಲೇ ಬಿದ್ದಿರಬಹುದು. ಅಪ್ಪನ ಸೈಕಲ್ಲನ್ನು ಎಟುಕದ ಕಾಲಿನಲ್ಲಿ ತುಳಿಯುವ ಮಕ್ಕಳು ನಮ್ಮಲ್ಲಿ ಬಹಳ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲ ಮುಟ್ಟುವಂತಿರಬೇಕು. ಆಗ ಜಾರಿದರೂ ಕಾಲು ಊರಿ ನಿಲ್ಲಬಹುದು. ವೇಲನ್ನು ಚೈನಿಗೆ ಸಿಗದಂತೆ ಬಿಗಿದು ಕಟ್ಟಲಿ. ಹೆಲ್ಮೆಟ್ ಕಾಲರ್ ಮೂಳೆಯನ್ನು ಉಳಿಸದು, ಆದರೆ ತಲೆಯನ್ನು ಉಳಿಸುತ್ತದೆ. ರಸ್ತೆಯಲ್ಲಿ ಹುಲ್ಲು, ಮರಳು, ಜಲ್ಲಿ ಕಂಡರೆ ಇಳಿದು ತಳ್ಳಿಕೊಂಡು ದಾಟುವುದರಲ್ಲಿ ಅವಮಾನವೇನಿಲ್ಲ.

ಮೂರು ಸವಾರರು

ಕಾಲರ್ ಮೂಳೆ ಮುರಿತ ಸೈಕಲ್ ಸ್ಪರ್ಧಿಗಳ ಕಸುಬಿನ ಕಾಯಿಲೆಯೇ ಆಗಿದೆ. ಅವರ ಕಥೆಗಳನ್ನು ಟಿ.ವಿ.ಯಲ್ಲಿ ನೋಡಿದ ಮಕ್ಕಳು ‘ಅವರು ಮಾಡಿದರಲ್ಲ’ ಎಂದು ಕೇಳುತ್ತಾರೆ. ಆದ್ದರಿಂದ ಮೂವರ ಕಥೆ ಹೇಳುವುದು ಒಳ್ಳೆಯದು.

ಇಟಲಿಯ ಫಿಯೊರೆಂಜೊ ಮಾನಿ 1956ರ ಇಟಲಿ ಪ್ರವಾಸದ ಓಟದಲ್ಲಿ (ಜಿರೊ ದಿತಾಲಿಯಾ) ಬಿದ್ದು ಎಡ ಕಾಲರ್ ಮೂಳೆ ಮುರಿದುಕೊಂಡ. ನಿಲ್ಲಲು ಒಪ್ಪಲಿಲ್ಲ. ಎಡಗೈಯಿಂದ ಹ್ಯಾಂಡಲ್ ಎಳೆಯಲಾಗದ ಕಾರಣ ಟ್ಯೂಬಿನ ರಬ್ಬರನ್ನು ಹ್ಯಾಂಡಲ್ಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಏರು ಹತ್ತಿದ. ಆ ಚಿತ್ರ ಇಂದಿಗೂ ಪ್ರಸಿದ್ಧ. ಅವನು ಎರಡನೆಯವನಾಗಿ ಗುರಿ ಮುಟ್ಟಿದ್ದೂ ನಿಜ. ಆದರೆ ಕಥೆಯ ನಡುಭಾಗವನ್ನು ಹೇಳುವವರು ಕಡಿಮೆ. ಎಡಗೈಗೆ ಬ್ರೇಕ್ ಹಿಡಿಯುವ ಬಲವಿಲ್ಲದೆ ಮಾನಿ ಇಳಿಜಾರಿನಲ್ಲಿ ಮತ್ತೆ ಬಿದ್ದ, ಅದೇ ಕಡೆಯ ತೋಳಿನ ಮೂಳೆಯನ್ನೂ ಮುರಿದುಕೊಂಡ.

ಬೆಲ್ಜಿಯಮ್ಮಿನ ರೆಮ್ಕೊ ಎವೆನೆಪೂಲ್ 2024ರ ಏಪ್ರಿಲ್ 4ರಂದು ಸ್ಪೇನಿನಲ್ಲಿ ಬಿದ್ದು ಕಾಲರ್ ಮೂಳೆ, ಹೆಗಲ ಮೂಳೆ ಎರಡನ್ನೂ ಮುರಿದುಕೊಂಡರು. ಆಪರೇಷನ್ ಆಯಿತು. ಜುಲೈಯಲ್ಲಿ ಫ್ರಾನ್ಸ್ ಪ್ರವಾಸದ ಓಟದಲ್ಲಿ (ಟೂರ್ ಡಿ ಫ್ರಾನ್ಸ್) ಮೂರನೆಯವರಾದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಸ್ತೆ ಸೈಕಲ್ ಓಟದ ಎರಡೂ ಚಿನ್ನ ಗೆದ್ದರು. ನಾಲ್ಕು ತಿಂಗಳ ಕಥೆ. ಆದರೆ ಅವರ ಹಿಂದೆ ಲೋಹದ ಪಟ್ಟಿ, ದಿನವಿಡೀ ಜೊತೆಗಿರುವ ವೈದ್ಯರು, ಫಿಸಿಯೋಥೆರಪಿಸ್ಟರು ಇದ್ದರು ಎಂಬುದನ್ನು ಮರೆಯಬಾರದು.

ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್ 2023ರ ಜುಲೈ 8ರಂದು ಫ್ರಾನ್ಸ್ ಓಟದಲ್ಲಿ ಬಿದ್ದು ಬಲ ಕಾಲರ್ ಮೂಳೆ ಮುರಿದುಕೊಂಡಾಗ, ಎಡ್ಡಿ ಮರ್ಕ್ಸ್ ಅವರ 34 ಹಂತಗಳ ಗೆಲುವಿನ ದಾಖಲೆಯನ್ನು ಮುರಿಯಲು ಒಂದೇ ಗೆಲುವು ಬಾಕಿಯಿತ್ತು. ಅದೇ ಕೊನೆಯ ವರ್ಷ ಎಂದು ಅವರು ಮೊದಲೇ ಸಾರಿದ್ದರು. ನಿವೃತ್ತಿಯನ್ನು ಮುಂದೂಡಿ ವರ್ಷ ಕಾದರು. 2024ರ ಜುಲೈ 3ರಂದು, 39ನೇ ವಯಸ್ಸಿನಲ್ಲಿ, 35ನೇ ಗೆಲುವು ಪಡೆದರು.

ಮಕ್ಕಳು ಕಲಿಯಬೇಕಾದದ್ದು ಮಾನಿಯ ಹಲ್ಲಿನಿಂದಲ್ಲ, ಕ್ಯಾವೆಂಡಿಷ್‌ರ ತಾಳ್ಮೆಯಿಂದ.

ಹೆತ್ತವರಿಗೆ

ಮೂಳೆ ಕೂಡಿದ ಜಾಗದಲ್ಲಿ ಅಡಿಕೆ ಗಾತ್ರದ ಗಂಟೊಂದು ಕೈಗೆ ಸಿಗುತ್ತದೆ. ಹೆಣ್ಣುಮಕ್ಕಳ ತಾಯಂದಿರಿಗೆ ಇದೇ ದೊಡ್ಡ ಚಿಂತೆ. ‘ನಾಳೆ ಮದುವೆ ಮಾಡುವಾಗ?’ ಎಂಬ ಪ್ರಶ್ನೆ ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿರುತ್ತದೆ. ಆ ಗಂಟು ಕಾಯಿಲೆಯಲ್ಲ. ಮೂಳೆ ತನಗೆ ತಾನೇ ಹಾಕಿಕೊಂಡ ಬೆಸುಗೆ. ಬೆಳೆಯುವ ಮಕ್ಕಳಲ್ಲಿ ಅದು ತಿಂಗಳುಗಳು ಕಳೆದಂತೆ ಕರಗುತ್ತ ಬಂದು ಬಹುಮಟ್ಟಿಗೆ ಕಾಣದಂತಾಗುತ್ತದೆ. ಅದನ್ನು ಕರಗಿಸಲು ನೀವುವುದಾಗಲಿ, ಆಪರೇಷನ್ನಾಗಲಿ ಬೇಡ.

ಇನ್ನೊಂದು ಚಿಂತೆ, ಮತ್ತೆ ಬಿದ್ದರೆ ಎಂಬುದು. ಅದಕ್ಕೆ ಉತ್ತರ ಸೈಕಲ್ ಬಿಡಿಸುವುದೇ? ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ್ದು ಏಕೆಂದು ನೆನೆಯಿರಿ. ಏಳನೇ ತರಗತಿಯವರೆಗೆ ಊರಿನಲ್ಲೇ ಓದಿದ ಹೆಣ್ಣುಮಕ್ಕಳು ಪ್ರೌಢಶಾಲೆ ದೂರವೆಂಬ ಕಾರಣಕ್ಕೆ ಮನೆಯಲ್ಲಿ ಉಳಿಯುತ್ತಿದ್ದರು. ಅದೇ 2006ರಲ್ಲಿ ಬಿಹಾರವೂ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡತೊಡಗಿತು. ಅದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು; ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕಡಿಮೆಯಾಗಿತ್ತು. ಹೆಚ್ಚಿನ ಲಾಭವಾದದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ.

ಎಂದರೆ ಹಳೇಕೋಟೆ ಹೋಬಳಿಯ ಆ ಹುಡುಗಿಗೆ ಸೈಕಲ್ ಆಟದ ಸಾಮಾನಲ್ಲ, ಶಾಲೆಯ ಅರ್ಧ ಭಾಗ. ಮಗ ಬಿದ್ದು ಮೂಳೆ ಮುರಿದುಕೊಂಡರೆ ‘ಗಂಡು ಹುಡುಗ, ಬೀಳ್ತಾನೆ ಏಳ್ತಾನೆ’ ಎನ್ನುವ ಮನೆಯಲ್ಲೇ ಮಗಳು ಬಿದ್ದರೆ ಸೈಕಲ್ ಅಟ್ಟ ಸೇರುವುದುಂಟು. ಇಬ್ಬರ ಮೂಳೆಯೂ ಒಂದೇ ರೀತಿ ಕೂಡುತ್ತದೆ.

ಭಯ ಮಕ್ಕಳಿಗೂ ಇರುತ್ತದೆ. ಬಿದ್ದ ತಿರುವಿಗೆ ಬಂದಾಗ ಕೈ ನಡುಗುವುದು, ಲಾರಿ ಸದ್ದಿಗೆ ಇಳಿದುಬಿಡುವುದು ಸಹಜ. ‘ಇಷ್ಟಕ್ಕೆಲ್ಲ ಹೆದರ್ತಾರಾ’ ಎಂದು ಗದರಿಸಬೇಡಿ. ಮೊದಲ ಒಂದು ವಾರ ಅಪ್ಪನೋ ಅಣ್ಣನೋ ಇನ್ನೊಂದು ಸೈಕಲ್ಲಿನಲ್ಲಿ ಜೊತೆಗೆ ಹೋಗಲಿ. ಭಯ ಕರಗುವುದು ಮಾತಿನಿಂದಲ್ಲ, ಅದೇ ದಾರಿಯನ್ನು ಹತ್ತು ಸಲ ಸುಖವಾಗಿ ದಾಟಿದಾಗ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನೋವಿಲ್ಲ ಎಂದರೆ ಗುಣವಾಯಿತು ಎಂದಲ್ಲ. ಇನ್ನು ನಾಲ್ಕು ವಾರ ಕಾದು ಮರಳಿದ ಸೈಕಲ್ ನಿಮ್ಮ ಜೊತೆ ಕಾಲೇಜಿನವರೆಗೂ ಬರುತ್ತದೆ. ನಾಳೆಯೇ ಏರಿ ಮತ್ತೆ ಬಿದ್ದರೆ, ಅಟ್ಟಕ್ಕೆ ಏರಿಸಲು ಕಾದಿರುವವರ ಕೈಗೆ ನೀವೇ ಕಾರಣ ಕೊಟ್ಟಂತೆ.